ಸಂಗಣ್ಣನ ಗಾಳಕ್ಕೆ ಹೊಸ ಹಿಡಿಕೆ

ಸಂಗಣ್ಣ ಸತ್ತ ದಿನ ವಾಸ್ಕೋದ ಸಡಾ ಬಡಾವಣೆಯ ಮಂದಿಯೆಲ್ಲ ಅವನನ್ನು ದೇವರಂಥ ಮನುಷ್ಯ ಎಂದು ಹೊಗಳಿದರು. ಅಳುತ್ತ ನಿಂತಿದ್ದ ನನಗೆ ನಗು ಬಂತು. ಯಾವ ದೇವರೂ ಅಷ್ಟು ಬೈಯುವುದಿಲ್ಲ. ಸಂಗಣ್ಣ ಎದ್ದು ಕೂತಿದ್ದರೆ ಮೊದಲು ಹೊಗಳಿದವರಿಗೇ ಬೈಗುಳ ಬೀಳುತ್ತಿತ್ತು. ಅವನ ಬಗ್ಗೆ ಬರೆಯುವುದಾದರೆ ಇದ್ದಂತೆಯೇ ಬರೆಯಬೇಕು. ಇಲ್ಲದಿದ್ದರೆ ನನಗೂ ಬೀಳುತ್ತದೆ.

ಅವನು ಹುನಗುಂದ ಕಡೆಯ ಗೌಂಡಿ. ಅರ್ಧ ವಾಸ್ಕೋ ತಾನೇ ಕಟ್ಟಿದ್ದು, ಸೊಟ್ಟಗಿರುವ ಉಳಿದರ್ಧ ಬೇರೆಯವರದು ಎನ್ನುತ್ತಿದ್ದ. ಎದೆಯ ಮೇಲೆ ಲಿಂಗ, ಬಾಯಲ್ಲಿ ಬೈಗುಳ, ರವಿವಾರ ಕೈಯಲ್ಲಿ ಗಾಳದ ಕೋಲು. ಮೀನು ತಿನ್ನುತ್ತಿರಲಿಲ್ಲ. ಹಿಡಿದದ್ದೆಲ್ಲ ಪಕ್ಕದ ಮನೆಯ ಹುಸೇನಸಾಬನ ಸಾರಿಗೆ ಹೋಗುತ್ತಿತ್ತು. ನಾನು ಧಾರವಾಡದವನು, ಬಂದರಿನ ಕಚೇರಿಯಲ್ಲಿ ನೌಕರ. ರಜೆಯ ದಿನ ಸಮುದ್ರದ ದಂಡೆಯ ಬಂಡೆಗಳ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಭೇಟಿಯಾದ ಮೊದಲ ದಿನವೇ ಕೇಳಿದ್ದೆ:

"ತಿನ್ನಂಗಿಲ್ಲ ಅಂದಮ್ಯಾಲ ಯಾಕ ಹಿಡೀತೀರಿ?"

"ನೀವು ಆ ಪೇಪರಿನ್ಯಾಗಿದ್ದದ್ದೆಲ್ಲಾ ನಂಬತೀರೇನ್ರಿ ಸಾಹೇಬ್ರ? ಆದ್ರೂ ಓದತೀರಿಲ್ಲ? ಹಂಗ."

ಅಂದಿನಿಂದ ನಾವು ಗೆಳೆಯರು.

ಆ ಕೋಲು ಅವನಿಗೆ ಕೆಪೆ ಎಂಬ ಊರಿನಲ್ಲಿ ಸಿಕ್ಕಿತ್ತು. ಪೋರ್ತುಗೀಜರ ಕಾಲದ ಮನೆಯೊಂದರ ಗೋಡೆ ರಿಪೇರಿ ಮಾಡುವಾಗ ಅಲ್ಲಿನ ಮುದುಕಿ ಅಟ್ಟದ ಕಸದ ಜೊತೆ ಇದನ್ನೂ ಒಯ್ಯಿ ಎಂದಿದ್ದಳು. ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ಕೋಲು, ಹಿತ್ತಾಳೆಯ ಬಳೆಗಳು, ಹಿಡಿಕೆಗೆ ಬೂಚು. ಸೀಸೆಯ ಬಾಯಿಗೆ ತುರುಕುತ್ತಾರಲ್ಲ, ಅದೇ ಬೂಚು. ಸಂಗಣ್ಣನ ಕೈಯಲ್ಲಿ ಅದು ವರ್ಷ ವರ್ಷ ಸವೆದು ಬಚ್ಚಲಿನ ಸಾಬೂನಿನ ಚೂರಿನಂತಾಗಿತ್ತು.

2008ರ ಬೇಸಿಗೆಯಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಕಾಲು ಮರಳಿತು. ಮಾತೂ ಮರಳಿತು, ಅದಕ್ಕೆ ಓಣಿಯ ಎಲ್ಲರೂ ಖುಷಿಪಟ್ಟರೆಂದು ಹೇಳಲಾರೆ. ಬಲಗೈ ಮಾತ್ರ ಮರಳಲಿಲ್ಲ. ಬೆರಳುಗಳು ಅರ್ಧ ಮಡಚಿ ಅಲ್ಲಿಯೇ ನಿಂತವು. ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಓಣಿಯ ನಾಯಿಗೆ ಎಸೆದ. ಕರಣಿ, ಸುತ್ತಿಗೆಗಳನ್ನು ಮೂಲೆಗಿಟ್ಟ. ಆದರೆ ಕೋಲನ್ನು ದಿನಾ ಎತ್ತಿ ನೋಡುತ್ತಿದ್ದ. ಸವೆದ ಹಿಡಿಕೆ ಅರೆಮುಚ್ಚಿದ ಕೈಯಿಂದ ಜಾರಿ ದಿನಾ ಬೀಳುತ್ತಿತ್ತು.

"ಹಿಡಿಕಿ ದಪ್ಪ ಮಾಡೂಣ್ರಿ ಸಾಹೇಬ್ರ," ಎಂದ ಒಂದು ದಿನ. "ಕೈ ಹಿಡಿಕಿ ತನಕಾ ಹೋಗವಲ್ದು. ಹಿಡಿಕಿನ ಕೈ ತನಕಾ ಬರಲಿ."

"ನಾ ಹಿಡ್ಕೊಂಡು ಕುಂದರ್ತೀನಿ. ನೀವು ರೀಲ್ ಸುತ್ತರಿ."

"ಅಂಗಿ ಗುಂಡಿ ಮಂದಿ ಹಾಕ್ತಾರ. ರೊಟ್ಟಿ ಮಂದಿ ಮುರದು ಕೊಡ್ತಾರ. ಇದೊಂದರ ನಾ ಹಿಡೀತೀನಿ. ಆಗಲಿಲ್ಲಂದ್ರ ಕೋಲು ಮುರದು ಬೆಂಕಿಗೆ ಹಾಕ್ರಿ."

ಹೇಳುವಾಗ ಒಂದೂ ಬೈಗುಳ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಹುಸೇನಸಾಬ ಪ್ರವಾಸಿಗರ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ. ವೈನ್ ಬಾಟಲಿಗಳ ಬೂಚು ಒಂದು ಚೀಲದ ತುಂಬ ತಂದ. ಸಂಗಣ್ಣನ ಹೆಂಡತಿ ಸತ್ಯವ್ವ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಲಿಂಗ ಕಟ್ಟಿದವರ ಮನ್ಯಾಗ ಸೆರೆ ವಾಸನಿ ತಂದೇನಪಾ ಹುಸೇನಪ್ಪಾ?"

"ಸೆರೆ ಅವರು ಕುಡದಾರ ಅಕ್ಕಾ. ನಾ ಬರೇ ಬೂಚ ತಂದೇನಿ."

ಅವಳು ಎಲ್ಲವನ್ನೂ ಸೀಗೆಪುಡಿ ಹಾಕಿ ಬಟಾಟೆಯಂತೆ ಕುದಿಸಿ, ಮಾಳಿಗೆಯ ಮೇಲೆ ಒಣಗಿಸಿದಳು. ಓಣಿಯ ಹೆಂಗಸರು ಇದೆಂಥ ಸಂಡಿಗೆ ಎಂದು ಕೇಳಿದರಂತೆ.

ಹಳೆಯ ಬೂಚನ್ನು ನಾನು ಕೆತ್ತಿ ತೆಗೆದೆ. ಹೊಸ ಬೂಚುಗಳ ನಡುವೆ ತೂತು ಕೊರೆದು, ಮಣಿ ಪೋಣಿಸಿದಂತೆ ಕೋಲಿಗೆ ಏರಿಸಿ, ಅಂಟು ಹಚ್ಚಿ, ಒಂದಕ್ಕೊಂದು ಒತ್ತಿ ಕಟ್ಟಿದೆ. ಸಂಗಣ್ಣ ಖುರ್ಚಿಯ ಮೇಲೆ ಕೂತು ಎಡಗೈಯಲ್ಲಿ ಗೋಡೆಯ ನೇರ ನೋಡುವ ಓಳಂಬದ ದಾರ ಇಳಿಬಿಟ್ಟು ನನ್ನ ಕೆಲಸ ಪರೀಕ್ಷಿಸಿದ.

"ಸಾಹೇಬ್ರ, ಗೋಡಿ ಕಟ್ಟಾಕ ಹೋಗಬ್ಯಾಡ್ರಿ. ನಾಕ ಮಂದಿ ಸಾಯ್ತಾರ."

ಅಂಟು ಒಣಗಿದ ಮೇಲೆ ಸತ್ಯವ್ವ ಅವನ ಕೈಯನ್ನು ಹಿಡಿಕೆಯ ಮೇಲಿಟ್ಟು, ಒಂದೊಂದೇ ಬೆರಳು ಮಡಚಿ, ಬೆರಳು ಕೂತಲ್ಲಿ ಕುಂಕುಮದ ಗುರುತು ಹಾಕಿದಳು. ಆ ಗುರುತುಗಳಲ್ಲಿ ಮಾತ್ರ ಮರಳುಕಾಗದದಿಂದ ತಿಕ್ಕಿ ತಗ್ಗು ಮಾಡಿದೆ. ಉಳಿದದ್ದನ್ನು ದಪ್ಪಗೇ ಬಿಟ್ಟೆವು. ಬೆರಳುಗಳು ಮನೆ ಸೇರಿದ ದನಗಳಂತೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಸಂಗಣ್ಣ ಕೋಲನ್ನು ನೆಲದಿಂದ ಎತ್ತಿದ. ಬೀಳಲಿಲ್ಲ.

ಮರುದಿನ ಮಹಾನವಮಿ. ನಮ್ಮ ಕಡೆ ಆ ದಿನ ಕಸುಬಿನ ಸಾಮಾನೆಲ್ಲ ತೊಳೆದು, ಹಿಡಿಕೆಗಳಿಗೆ ಎಣ್ಣೆ ಸವರಿ ಪೂಜೆ ಮಾಡುತ್ತಾರೆ. ಸತ್ಯವ್ವ ಕರಣಿ, ಸುತ್ತಿಗೆ, ಓಳಂಬಗಳನ್ನು ಸಾಲಾಗಿ ಇಟ್ಟಳು. ಕೊನೆಯಲ್ಲಿ ಗಾಳದ ಕೋಲನ್ನೂ ಮಲಗಿಸಿ, ಊರಿನಿಂದ ತಂದ ಕುಸುಬಿ ಎಣ್ಣೆಯನ್ನು ಅದಕ್ಕೆ ಎಲ್ಲಕ್ಕಿಂತ ಹೆಚ್ಚೇ ಉಣಿಸಿದಳು. ಕಟ್ಟಿಗೆಯ ಹಿಡಿಕೆ ಎಣ್ಣೆ ಕುಡಿಯುತ್ತದೆ. ಬೂಚು ಕುಡಿಯುವುದಿಲ್ಲ. ಇದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ರವಿವಾರ ಬಂಡೆಗಳ ಮೇಲೆ ಸಂಗಣ್ಣ ಕೋಲು ಬೀಸಿದ. ಕೋಲು ಅವನ ಕೈಬಿಟ್ಟು ಹಾರಿ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಬಿದಿರು ಹಿಡಿದು ಎತ್ತಿ ಕೊಟ್ಟೆ. ಮತ್ತೆ ಜಾರಿತು. ಅವನು ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡಿ, "ನಡೀರಿ ಮನಿಗೆ," ಎಂದ.

ಮನೆಯಲ್ಲಿ ಕೋಲನ್ನು ಸತ್ಯವ್ವನ ಮುಂದೆ ಇಟ್ಟ.

"ಕೈ ಸತ್ತೈತಿ. ಬೆಂಕಿಗೆ ಹಾಕು."

ಸತ್ಯವ್ವ ಹಿಡಿಕೆ ಮುಟ್ಟಿದಳು, ತನ್ನ ಬೆರಳು ನೋಡಿಕೊಂಡಳು, ಹಣೆ ಚಚ್ಚಿಕೊಂಡಳು.

"ಕೈ ಅಲ್ಲರೀ, ನನ್ನ ಎಣ್ಣಿ! ದೀಪ ಹಚ್ಚೂವಷ್ಟು ಎಣ್ಣಿ ಐತಿ ಇಲ್ಲಿ."

"ಸಮಾಧಾನಾ ಹೇಳಬ್ಯಾಡ."

"ನಿಮಗ್ಯಾಕ ಸಮಾಧಾನಾ ಹೇಳ್ಲಿ? ಮದಿವ್ಯಾದಾಗಿಂದ ಎಂದರ ಹೇಳೇನೇನು?"

ಇದು ನಿಜವಾಗಿತ್ತು.

ಅವಳು ಸೀಗೆಪುಡಿಯಿಂದ ತಿಕ್ಕಿ ತೊಳೆದಳು. ಆದರೂ ಜಿಡ್ಡು ಹೋಗಲಿಲ್ಲ. ಬೂದಿ ಬೇಕೆಂದಳು. ಗ್ಯಾಸ್ ಬಂದ ಮೇಲೆ ಮನೆಯಲ್ಲಿ ಬೂದಿ ಎಲ್ಲಿಯದು? ಇದ್ದದ್ದು ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ಒಂದೇ. ಅದನ್ನೇ ಎತ್ತಿಕೊಂಡಳು. ಹುಟ್ಟಿದಾಗಿನಿಂದ ಯಾವ ದೇವರನ್ನೂ ಬಿಡದೆ ಬೈದಿದ್ದ ಸಂಗಣ್ಣ ಗಾಬರಿಯಾದ.

"ಏ, ಅದು ವಿಭೂತಿ! ಮೀನ ಹಿಡಿಯೂ ಕೋಲಿಗೆ ಹಚ್ಚತಿಯೇನ?"

"ದೇವರಿಗೆ ನಾ ಹೇಳ್ಕೋತೀನಿ. ನಿಮಗ ಮಾತಾಡಾಕ ಬರಂಗಿಲ್ಲ."

ಹಿಡಿಕೆಯ ತುಂಬ ವಿಭೂತಿ ಹಚ್ಚಿ, ಬಟ್ಟೆಯಿಂದ ಒರೆಸಿ, ಮತ್ತೆ ಹಚ್ಚಿದಳು. ಅಂದೇ ಸಂಜೆ ನಮ್ಮ ಜೊತೆ ತಾನೂ ಹೊರಟಳು. ಮೀನಿನ ವಾಸನೆಗೆ ಹೆದರಿ ಎಂದೂ ಆ ಬಂಡೆಗಳತ್ತ ಸುಳಿದವಳಲ್ಲ. ಹುಸೇನಸಾಬ ಸಾರಿನ ಆಸೆಗೆ ಬಂದ.

ಸಂಗಣ್ಣ ಬೀಸಿದ. ಕೋಲು ಕೈಯಲ್ಲೇ ಉಳಿಯಿತು. ಬಹಳ ಹೊತ್ತಿನ ಮೇಲೆ ಕೋಲಿನ ತುದಿ ಬಾಗಿತು. ನಾನು ಕೈ ಚಾಚಿದೆ.

"ಮುಟ್ಟಿದ್ರ ಸಮುದ್ರಕ್ಕ ನೂಕ್ತೀನಿ ಸಾಹೇಬ್ರ!"

ಎಡಗೈಯಿಂದ ರೀಲು ಸುತ್ತಿದ. ಮೀನಿನ ತಾಯಿಯನ್ನು, ಅಜ್ಜಿಯನ್ನು, ಇಡೀ ವಂಶವನ್ನು ಬೈದ. ಬಲಗೈ ಬಿಡಲಿಲ್ಲ. ಕೊನೆಗೆ ಮೇಲೆ ಬಂದದ್ದು ಗೇಣುದ್ದದ ಮೀನು.

"ಇಷ್ಟದಕ್ಕ ಇಷ್ಟ ಗದ್ದಲಾ?" ಎಂದ ಹುಸೇನಸಾಬ.

ಸಂಗಣ್ಣ ಕೋಲನ್ನು ಎತ್ತಿ ಹಿಡಿದೇ ನಿಂತಿದ್ದ. ದಾರದ ತುದಿಯಲ್ಲಿ ಒದ್ದಾಡುತ್ತಿದ್ದ ಮೀನನ್ನು ಸತ್ಯವ್ವ ನೋಡಿದಳು.

"ಬಿಟ್ಟುಬಿಡ್ರಿ ಪಾಪ. ಅದರ ಕೆಲಸ ಆತು."

"ನನ್ನ ಸಾರು, ಅಕ್ಕಾ?"

"ಬದನಿಕಾಯಿ ಪಲ್ಲೆ ಮಾಡೇನಿ, ಬಂದು ಉಣ್ಣು."

ಹುಸೇನಸಾಬ ಗೊಣಗುತ್ತಲೇ ಗಾಳ ಬಿಡಿಸಿ ಮೀನನ್ನು ನೀರಿಗೆ ಎಸೆದ. ಸಂಗಣ್ಣ ಅವನಿಗೆ ಹೊಸ ಎರೆ ಸಿಕ್ಕಿಸಲು ಹೇಳಿದ. ಹೆಂಡತಿಗೆ ಆಚೆ ಸರಿದು ಕೂರಲು ಹೇಳಿದ. ನನಗೆ ಪೇಪರ್ ಓದಲು ಹೇಳಿ, ಮತ್ತೆ ಕೋಲು ಬೀಸಿದ.