ಹುಸೇನಬಿ ಬಂದ ದಿನಗಳು

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಗೇಟಿನ ಬಳಿ ಮಲಗಿದ್ದ ಬೀಡಾಡಿ ಹಸುವೊಂದು ನನ್ನ ಮುಖಕ್ಕೇ ತೇಗಿತು. ಹಸಿ ಹುಲ್ಲಿಗೆ ಹುಳಿ ಮಜ್ಜಿಗೆ ಬೆರೆಸಿದಂಥ ವಾಸನೆ. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದಿರಿ. ನಾನು ಹಾಲಿನ ಪಾಕೀಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ತೊಂಬತ್ತರ ದಶಕದಲ್ಲಿ ಮೂರು ವರ್ಷ ನನ್ನ ಮೈಯೆಲ್ಲ ಇದೇ ವಾಸನೆ. ಹಳಿಯಾಳದ ಹೊರಗೆ, ಮೇವಿನ ಸಂಶೋಧನೆಗೆಂದು ಕಟ್ಟಿದ ಕೊಟ್ಟಿಗೆಯಲ್ಲಿ, ಪದವಿಗಾಗಿ ಓದುತ್ತಾ, ನಾನು ಸಹಾಯಕನಾಗಿದ್ದೆ. ಸಂಜೆ ಬಸ್ಸು ಹತ್ತಿದರೆ ಪಕ್ಕದವರು ತಾವಾಗಿಯೇ ಎದ್ದು ಹೋಗುತ್ತಿದ್ದರು. ನಾನು ಇಡೀ ಸೀಟಿನ ಮೇಲೆ ಮಹಾರಾಜನಂತೆ ಕೂತು ಬರುತ್ತಿದ್ದೆ.

ಗುಡ್ಡದ ಕರಡ ಹುಲ್ಲು, ಭತ್ತದ ಹುಲ್ಲು, ಬಿದಿರೆಲೆ, ಇವು ದನಕ್ಕೆ ಎಷ್ಟು ಜೀರ್ಣವಾಗುತ್ತವೆ ಎಂದು ತಿಳಿಯುವುದು ನಮ್ಮ ಕೆಲಸ. ತಿಳಿಯಲು ಎರಡು ದಾರಿ. ಕೊಟ್ಟಿಗೆಯ ಹಸುವಿನ ಹೊಟ್ಟೆಯಿಂದ ನಳಿಗೆಯಲ್ಲಿ ರಸ ತೆಗೆದು, ಹುಲ್ಲಿನ ಪುಡಿಯೊಂದಿಗೆ ಬಾಟಲಿಗೆ ತುಂಬಿ, ಬೆಚ್ಚಗಿನ ನೀರಿನಲ್ಲಿ ಎರಡು ದಿನ ಇಡಬಹುದು. ಇಲ್ಲವೆ, ಅದೇ ಪುಡಿಯನ್ನು ಸಣ್ಣ ನೈಲಾನ್ ಚೀಲದಲ್ಲಿ ಕಟ್ಟಿ ಎತ್ತಿನ ಹೊಟ್ಟೆಯೊಳಗೇ ಇಳಿಬಿಟ್ಟು, ಎರಡು ದಿನದ ಮೇಲೆ ತೆಗೆದು, ತೊಳೆದು, ಒಣಗಿಸಿ, ಉಳಿದದ್ದನ್ನು ತೂಗಬಹುದು. ಬಾಟಲಿ ಹೇಳಿದ್ದೂ ಎತ್ತು ಹೇಳಿದ್ದೂ ಒಂದೇ ಆದರೆ ಮುಂದೆ ಯಾವ ಎತ್ತಿಗೂ ತೊಂದರೆ ಕೊಡಬೇಕಿಲ್ಲ ಎಂಬುದು ನಮ್ಮ ಪ್ರೊಫೆಸರರ ಆಸೆ.

ಚೀಲ ಇಳಿಸಬೇಕೆಂದರೆ ಎತ್ತಿನ ಎಡ ಪಕ್ಕೆಯಲ್ಲಿ ಅಂಗೈಯಗಲ ತೂತು ಮಾಡಿ ರಬ್ಬರ್ ಮುಚ್ಚಳ ಕೂರಿಸಬೇಕು. ದನದ ಡಾಕ್ಟರು ಪಕ್ಕೆ ಮರಗಟ್ಟಲು ಮದ್ದು ಕೊಟ್ಟು ಅದನ್ನು ಮಾಡುತ್ತಾರೆ. ಗಾಯ ಮಾಗಿದ ಮೇಲೆ ಎತ್ತು ಎಂದಿನಂತೆ ಮೇಯುತ್ತದೆ. ನಮ್ಮ ಎತ್ತಿನ ಹೆಸರು ಚಂದ್ರ್ಯಾ. ಹತ್ತಿರದ ಸಾಂಬ್ರಾಣಿ ಎಂಬ ಹಳ್ಳಿಯ ಹುಸೇನಬಿ ಎಂಬ ಸಿದ್ದಿ ಜನಾಂಗದ ಹೆಂಗಸು ಅದನ್ನು ಕರುವಿನಿಂದ ಸಾಕಿದ್ದರು. ಅದರ ಜೋಡಿಯ ಇನ್ನೊಂದು ಎತ್ತು ಹಾವು ಕಚ್ಚಿ ಸತ್ತಿತು. ಒಂಟಿ ಎತ್ತು ಕಟ್ಟಿ ಉಳುವುದು ಹೇಗೆ? ನಮಗೆ ಮಾರಿದರು.

ಎರಡು ತಿಂಗಳ ಮೇಲೆ ನೋಡಲು ಬಂದವರು ಪಕ್ಕೆಯ ಮುಚ್ಚಳ ಕಂಡು ಬಾಗಿಲಲ್ಲೇ ಕುಸಿದು ಕೂತರು.

"ಇದೇನ್ ಮಾಡೀರಿ ಸಾಹೇಬ್ರ ಇದಕ್ಕ?"

ನಾನು ಕಲಿತ ಪಾಠವನ್ನೆಲ್ಲ ಒಪ್ಪಿಸಿದೆ. ಕೇಳಿಸಿಕೊಂಡರೋ ಇಲ್ಲವೋ, ಎದ್ದು ಬಂದು ಎತ್ತಿನ ಕೊರಳಡಿಯ ಗಂಗೆದೊಗಲು ತಿಕ್ಕುತ್ತಾ ನಿಂತರು. ಬಂದಾಗಿನಿಂದ ಅರೆಹೊಟ್ಟೆ ತಿನ್ನುತ್ತಿದ್ದ ಚಂದ್ರ್ಯಾ ಅವತ್ತು ಗೋದಲಿ ಬರಿದು ಮಾಡಿತು.

ಆಮೇಲೆ ಸಂತೆಗೆ ಬಂದಾಗಲೆಲ್ಲ ಬರತೊಡಗಿದರು. ಎತ್ತು ಮಲಗಿ ಮೆಲುಕು ಹಾಕುವ ತನಕ ಎದ್ದು ಹೋಗುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ನೀವ್ ಉಂಡಿರೇನ್ರಿ?" ಎನ್ನುತ್ತಿದ್ದರು. ಹಾಗೆ ಕೇಳುವ ಇನ್ನೊಬ್ಬರು ಆ ಊರಿನಲ್ಲಿ ನನಗಿರಲಿಲ್ಲ. ಎತ್ತಿನಂತೆ ನಾನೂ ಆಕೆಯ ದಾರಿ ಕಾಯತೊಡಗಿದೆ.

ಬಾಟಲಿಯ ಫಲಿತಾಂಶ ಯಾವಾಗಲೂ ಒಂದೇ ಸಮ. ಎತ್ತಿನದು ಮಾತ್ರ ಕೆಲವು ಸಲ ಏಕಾಏಕಿ ಮೇಲೆ ಹಾರುತ್ತಿತ್ತು. ತಕ್ಕಡಿ ನೋಡಿದೆ, ಚೀಲದ ಹೊಲಿಗೆ ನೋಡಿದೆ, ನನ್ನ ಬುದ್ಧಿಯನ್ನೂ ಅನುಮಾನಿಸಿದೆ. ಕೊನೆಗೆ ಫಲಿತಾಂಶದ ಪಕ್ಕದಲ್ಲಿ ದಿನಚರಿ ಇಟ್ಟು ಹೋಲಿಸಿ ನೋಡಿದರೆ, ಹುಲ್ಲು ಚೆನ್ನಾಗಿ ಕರಗಿದ್ದೆಲ್ಲ ಹುಸೇನಬಿ ಬಂದ ದಿನಗಳಲ್ಲಿ! ಓಡಿಹೋಗಿ ಪ್ರೊಫೆಸರರಿಗೆ ಹೇಳಿದೆ. ಕೆಟ್ಟವರಲ್ಲ ಅವರು, ನಕ್ಕರು.

"ಖರೇನ ಇರಬಹುದು. ಆದ್ರ ಆ ಹೆಣ್ಣಮಗಳನ್ನ ಯಾವ ಕಾಲಂನಾಗ ಬರೀತಿ? ಆ ದಿನಾ ತಗದುಬಿಡು."

ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಬಾಟಲಿಗೂ ಎತ್ತಿಗೂ ಸೊಗಸಾಗಿ ತಾಳೆಯಾಯಿತು. ನನಗೆ ಪದವಿಯೂ ಬಂತು.

ಕೆಲಸ ಮುಗಿದ ಮೇಲೆ ಎತ್ತನ್ನು ದೂರದ ಇನ್ನೊಂದು ಕೊಟ್ಟಿಗೆಗೆ ಕಳಿಸುವವರಿದ್ದರು. ಜನ್ಮದಲ್ಲಿ ಮೊದಲ ಬಾರಿ ನಾನು ದೊಡ್ಡವರೆದುರು ಹಟ ಹಿಡಿದೆ: ಅದು ಸಾಂಬ್ರಾಣಿಗೇ ಹೋಗಬೇಕು. ಪ್ರೊಫೆಸರರು ಒಪ್ಪಿದರು. ಡಾಕ್ಟರು ಮುಚ್ಚಳ ತೆಗೆದು ಹೊಲಿದರು. ಗಾಯ ಒಣಗಿದ ಮೇಲೆ ಒಂದು ಬೆಳಿಗ್ಗೆ ನಾವು ಮೂವರೂ ನಡೆದು ಹೊರಟೆವು. ಹುಸೇನಬಿ ಹಗ್ಗವನ್ನೂ ಹಿಡಿದಿರಲಿಲ್ಲ. ಅವರು ಮುಂದೆ, ಹಿಂದೆ ಚಂದ್ರ್ಯಾ, ಅದರ ಹಿಂದೆ ನಾನು. ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎಂದು ಈಗಲೂ ಅನಿಸುತ್ತದೆ.

ನಡುದಾರಿಯಲ್ಲಿ ಆಕೆ ತಿರುಗಿ ನಿಂತರು. "ನಾ ಬರತಿದ್ದದ್ದು ನಿಮ್ಮ ಪುಸ್ತಕದಾಗ ಬರದೀರೇನ್ರಿ?"

"ಬರದೇನಿ ಯವ್ವಾ," ಎಂದೆ.

"ಕೇಳಿದ್ಯೋ ಚಂದ್ರ್ಯಾ, ನಾವಿಬ್ರೂ ಪುಸ್ತಕದಾಗ ಅದೀವಿ!" ಎಂದು ಆಕೆ ಎತ್ತಿನ ಬೆನ್ನು ಚಪ್ಪರಿಸಿದರು.

ಮನೆಯಲ್ಲಿ ಬಿಸಿ ರೊಟ್ಟಿ ಹಾಕಿದರು. ಆ ನಗುಮುಖ ನೋಡಲಾಗದೆ ಅರ್ಧ ರೊಟ್ಟಿಗೇ ಎದ್ದೆ. ಮತ್ತೆ ಬರುತ್ತೇನೆಂದು ಹೇಳಿ ಬಂದವನು ದೂರದ ಕೆಲಸ, ಸಂಸಾರ ಎಂದು ನೆಪ ಹೇಳುತ್ತಾ ಹೋಗಲೇ ಇಲ್ಲ. ನಿಜವಾದ ಕಾರಣ ಆ ಸುಳ್ಳು.

ಹಾಲು ಕಾಯಿಸುತ್ತಿದ್ದ ಹೆಂಡತಿಗೆ ಇವತ್ತು ಇದನ್ನೆಲ್ಲ ಹೇಳಿದೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಆಕೆ ಒಲೆ ಆರಿಸಿ, "ಹಂಗಾರ ಇನ್ನೂ ಯಾಕ ಕುಂತೀರಿ? ನಾಳಿಗೆ ಹೋಗೂಣು," ಎಂದಳು.

ಹುಸೇನಬಿಗೆ ಈಗ ಎಂಬತ್ತು ದಾಟಿರಬೇಕು. ಇದ್ದರೆ, ಎದುರಿಗೆ ಕೂತು ಹೇಳಬೇಕು: ನೀವು ಬಂದ ದಿನಾ ಹೊಡದುಹಾಕಿದಾಂವ ನಾನ ಯವ್ವಾ. ಆದ್ರ ಆ ಮೂರು ವರ್ಷದಾಗ ನನಗ ನೆನಪಿರೂದು ಆ ದಿನಾ ಅಷ್ಟ.