ಗುರುತು ಹಾಕಿದ ಬಂಡೆ

ಬಳ್ಳಾರಿಯ ಒಂದು ಕಲ್ಲು ಪರೀಕ್ಷೆಯ ಲ್ಯಾಬಿನಲ್ಲಿ ಉಮಾಪತಿ ಇಪ್ಪತ್ತೆರಡು ವರ್ಷದಿಂದ ಕಲ್ಲು ಕೊಯ್ಯುತ್ತಾನೆ. ಬೆಳಕು ತೂರುವಷ್ಟು ತೆಳ್ಳಗೆ ಉಜ್ಜುವ ಕೈ ಅವನದು. ಹೆಸರು ಮಾತ್ರ ಒಂದು ವರದಿಯಲ್ಲೂ ಬಂದಿಲ್ಲ.

ಈ ಸಲ ಬರುವುದಿತ್ತು. ಕುರುಗೋಡಿನ ಗುಡ್ಡದಿಂದ ಅವನೇ ಒಡೆದು ತಂದ ಚೂರಿನಲ್ಲಿ ಜೇನುಬಣ್ಣದ ಕಾಳುಗಳಿದ್ದವು. ವಿರಳ ಭೂಲೋಹಗಳ ಫಾಸ್ಫೇಟ್, ಇನ್ನೂ ಯಾರೂ ಹೆಸರಿಡದ ಹೊಸ ಖನಿಜ ಎಂದರು ಲ್ಯಾಬಿನ ಅಂಜನಾ ಮೇಡಂ. ಖಚಿತಪಡಿಸಲು ಅದೇ ಬಂಡೆಯ ಇನ್ನಷ್ಟು ಕಲ್ಲು ಬೇಕಿತ್ತು.

ಬಂಡೆಗೆ ಗುರುತೇನೋ ಹಾಕಿದ್ದ. ಅವತ್ತು ಬಣ್ಣದ ಡಬ್ಬಿ ಮರೆತಿದ್ದರಿಂದ ಜೇಬಿನ ವಿಭೂತಿ ಗಟ್ಟಿಯನ್ನೇ ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಎಳೆದಿದ್ದ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ತಿಂಗಳು ಬಿಟ್ಟು ಹೋದರೆ ಬಂಡೆಗೆ ಎಣ್ಣೆ, ಕುಂಕುಮ, ಚೆಂಡುಹೂವಿನ ಹಾರ. ಮೇಲೆ ತಗಡಿನ ಚಪ್ಪರ ಬೇರೆ. ವಿಭೂತಿ ತಾನಾಗಿಯೇ ಮೂಡಿತಂತೆ! ಪಕ್ಕದ ಹೊಲದೊಡತಿ ಊರಮ್ಮ ಕಾಯಿ ಒಡೆಯುತ್ತಿದ್ದಳು.

“ಅದನ್ನ ಬಳದಾಂವ ನಾನಬೇ, ಇದ ಕೈಲೆ!” ಎಂದು ಉಮಾಪತಿ ಕೂಗಿದ.

“ಹೌದೇನ್ರೀ? ನಿಮ್ಮ ಕೈಲೇ ಹಚ್ಚಿಸ್ಕೊಂಡಾನ ನೋಡ್ರಿ ಸ್ವಾಮಿ,” ಎಂದು ಆಕೆ ಅವನಿಗೂ ಕೈಮುಗಿದಳು. ಆಮೇಲೆ ಅವನ ಚೀಲ ನೋಡಿದಳು. “ಸುತ್ತಿಗಿ ತಂದೀರಲ್ಲ, ಛಲೋ ಆತು. ಗಂಟಿ ತೂಗಹಾಕಾಕ ಈ ಕಂಬಕ್ಕೊಂದು ಮೊಳಿ ಹೊಡ್ದುಕೊಡ್ರಿ.”

ಉಮಾಪತಿ ಹೊಡೆದ. ಒಂದೇ ಏಟಿಗೆ ಮೊಳೆ ತಲೆತನಕ ಇಳಿಯಿತು. ಗಂಟೆ ತೂಗುಹಾಕಲು ಏನೂ ಉಳಿಯಲಿಲ್ಲ.

ಊರಮ್ಮ ಇನ್ನೊಂದು ಮೊಳೆ ಕೊಟ್ಟಳು.