ತೊಳೆಯಬಾರದ ಕೊಳವೆ

ಕೊಳೆ ಕಂಡರೆ ನನಗೆ ಸುಮ್ಮನೆ ಕೂರಲಾಗದು. ಕಾನ್ವೆಂಟಿನ ಸಿಸ್ಟರುಗಳು ಗ್ರಾಮರ್ ಎಷ್ಟು ಕಲಿಸಿದರೋ ಕಾಣೆ, ಇಂಕ್ ಬಾಟಲಿಯ ಕತ್ತಿಗೆ ಬ್ರಷ್ ಹಾಕಿ ಉಜ್ಜುವುದನ್ನಂತೂ ಕಲಿಸಿಬಿಟ್ಟರು. ಅಂಥವಳಿಗೆ, ನಿಮ್ಮ ಕತ್ತಿನೊಳಗೇ ಕೊಳೆ ಕಟ್ಟಿದೆ ಎಂದರೆ ಹೇಗಾಗಬೇಡ?

ಶುಗರ್ ತೋರಿಸಲು ಹೊಸೂರಿಗೆ ಹೋಗಿದ್ದೆ. ಡಾಕ್ಟರಮ್ಮ ಕತ್ತಿಗೆ ಸ್ಟೆತಸ್ಕೋಪ್ ಇಟ್ಟು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಆಲಿಸಿ, ಸ್ಕ್ಯಾನಿಗೆ ಕಳಿಸಿದಳು. ತಣ್ಣನೆಯ ಜೆಲ್ ಬಳಿದದ್ದೇ ತಡ, ಮೆಷಿನ್ನಿನಿಂದ ನನ್ನ ರಕ್ತದ ಸದ್ದು ಬಂತು. ಎಪ್ಪತ್ಮೂರು ವರ್ಷ ನನ್ನೊಳಗೇ ಹರಿದದ್ದನ್ನು ಅವತ್ತೇ ಮೊದಲು ಕೇಳಿದ್ದು. ಬಲಗಡೆ ಸಮಾಧಾನವಾಗಿತ್ತು; ಎಡಗಡೆ ಕಿಟಕಿಯ ಸಂದಿಯಲ್ಲಿ ನುಗ್ಗುವ ಗಾಳಿಯ ಹಾಗೆ. "ಇನ್ನೊಂದ್ಸಲ ಕೇಳಿಸಮ್ಮ" ಎಂದೆ ಸ್ಕ್ಯಾನ್ ಮಾಡುವ ಹುಡುಗಿಗೆ. ಭಯ ಆಮೇಲೆ ಬಂತು.

ಮಿದುಳಿಗೆ ರಕ್ತ ಒಯ್ಯುವ ಎಡನಾಳ ಅರ್ಧಕ್ಕಿಂತ ತುಸು ಹೆಚ್ಚೇ ಮುಚ್ಚಿದೆಯಂತೆ. ನನಗೋ ತಲೆ ಸುತ್ತಿಲ್ಲ, ಕೈ ಸೋತಿಲ್ಲ, ಮಾತು ತೊದಲಿಲ್ಲ. ಪರ್ಫೆಕ್ಟ್ಲಿ ಫೈನ್. "ಆಪರೇಷನ್ ಮಾಡಿ ಕ್ಲೀನ್ ಮಾಡಿಬಿಡಿ" ಎಂದೆ.

"ನಿಮಗೆ ಈಗ ಬೇಡ ಪಾಟಿ. ಮಾತ್ರೆ ಸಾಕು. ಆಪರೇಷನ್ನಲ್ಲೇ ಸ್ಟ್ರೋಕ್ ಆಗೋ ರಿಸ್ಕ್ ಇದೆ" ಎಂದಳು ಡಾಕ್ಟರಮ್ಮ. ಪಾಟಿ ಎಂದರೆ ಅವಳ ತಮಿಳಿನಲ್ಲಿ ಅಜ್ಜಿ.

ಕೊಳೆಯನ್ನು ಕಂಡೂ ಬಿಡುವುದೇ? ಮನೆಗೆ ಬಂದವಳೇ, ಬೆಂಗಳೂರಿನ ಸರ್ಜನ್ ಹತ್ತಿರ ಕರೆದುಕೊಂಡು ಹೋಗು ಎಂದು ಮೈದುನ ನಂಜಪ್ಪನ ಬೆನ್ನುಹತ್ತಿದೆ. ಅವನು ಬಾಗಲೂರಿನ ಪಕ್ಕ ಗುಲಾಬಿ ಬೆಳೆಯುತ್ತಾನೆ. ನಮ್ಮ ಬೋರಿನ ನೀರು ಉಪ್ಪುಪ್ಪು. ಡ್ರಿಪ್ ಪೈಪಿನ ಒಳಗೆಲ್ಲ ಬಿಳಿಯ ಪದರ ಕಟ್ಟುತ್ತದೆ.

"ನೀರು ಬರ್ತಾ ಅದಲ್ಲ ಅತ್ಗೆ, ಹಂಗಾರೆ ಪೈಪ್ನ ಕೆದಕ್ಬ್ಯಾಡಿ" ಎಂದ. "ಕೆದಕುದ್ರೆ ಉಪ್ಪಿನ ಚಕ್ಕೆ ಎದ್ದು ಮುಂದಕ್ಕೋಗಿ ಸಣ್ಣ ತೂತ್ನಾಗೆ ಕುಂತ್ಕತದೆ. ಆ ಗಿಡ ಒಣಗೋಯ್ತದೆ. ನಾವಾದ್ರೆ ಪೈಪಿನ ಕೊನೆ ಮುಚ್ಚಳ ಬಿಚ್ಚಿ ಕಸ ಆಚೆ ಬುಡ್ತೀವಿ. ನಿಮ್ ತಲೆಗೆ ಮುಚ್ಚಳ ಎಲ್ಲದೆ?"

ಬೆಂಗಳೂರಿಗೆಂದು ತೆಗೆದಿಟ್ಟಿದ್ದ ಸ್ಕ್ಯಾನ್ ಫೈಲನ್ನು ಮತ್ತೆ ಬೀರುವಿಗೆ ಸೇರಿಸಿದೆ.

ಮುಂದಿನ ಸಲ ಇದನ್ನು ಹೇಳಿದಾಗ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನಕ್ಕಳು. "ನಮ್ಮ ಭಯವೂ ಅದೇ" ಎಂದು, ರಕ್ತ ಹೆಪ್ಪುಗಟ್ಟದಿರಲು ಒಂದು ಮಾತ್ರೆ, ಕೊಲೆಸ್ಟ್ರಾಲಿಗೆ ಒಂದು, ಬಿ.ಪಿ.ಗೆ ಒಂದು ಬರೆದಳು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಇಕ್ಕಟ್ಟು ಹೆಚ್ಚಿದರೆ ಆಪರೇಷನ್ ಮಾತು ಆಗ. ಬಾಯಿ ಸೊಟ್ಟಗಾದರೆ, ಕೈ ಜೋತರೆ, ಮಾತು ತೊದಲಿದರೆ, ಒಂದು ಕಣ್ಣಿಗೆ ಕತ್ತಲೆ ಬಂದರೆ, ಐದೇ ನಿಮಿಷಕ್ಕೆ ಸರಿಹೋದರೂ ಓಡಿ ಬರಬೇಕು.

ಈ ಪಟ್ಟಿಯನ್ನು ನಂಜಪ್ಪ ಬಾಯಿಪಾಠ ಮಾಡಿದ. ಬೆಳಿಗ್ಗೆ ಗುಲಾಬಿ ನೋಡಲು ಹೋಗುವ ಮುಂಚೆ ನನ್ನ ಬಾಗಿಲಿಗೆ ಬರುತ್ತಾನೆ. "ಅತ್ಗೆ, ನಗಿ. ಎರಡೂ ಕೈ ಎತ್ತಿ. ಏನಾರ ಇಂಗ್ಲೀಷ್ನಾಗೆ ಬೈರಿ."

ನಾನು ಬೈಯುತ್ತೇನೆ. ನಗುವುದೇ ಕಷ್ಟ. ಅವನ ಅಣ್ಣ, ತೀರಿಹೋದ ನನ್ನ ಯಜಮಾನರು, ಮದುವೆಯ ಫೋಟೋಗೂ ನನ್ನನ್ನು ನಗು ಎಂದವರಲ್ಲ, ಅಭ್ಯಾಸ ತಪ್ಪಿದೆ. ನಂಜಪ್ಪ ಬಿಡುವುದಿಲ್ಲ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, "ಸರಿಯಾಗದೆ" ಎಂದು ಚಪ್ಪಲಿ ಮೆಟ್ಟುತ್ತಾನೆ. ಒಳಗೆ ಏನು ಕಟ್ಟಿದೆಯೋ ಕಟ್ಟಿರಲಿ, ಆ ದಿನದ ಮಟ್ಟಿಗೆ ನಗು ಎರಡೂ ಕಡೆ ತಲುಪಿದೆ.